ನನ್ನನ್ನು ಬಿಟ್ಟು ಎಲ್ಲರನ್ನೂ ಬೈದೆ

ವೀಟೋಲಿ ಮನೆ,
25 ಜೂನ್ 1930, ಬುಧವಾರ

ಕ್ರೌಕ್ಲಿ ಮನೆಯ ಇಂದ್ರಿಕಿಸ್‌ಗೆ, ಹೊಳೆಯ ಈಚೆ ದಡದಿಂದ ಜೆಲ್ಮಾಳ ನಮಸ್ಕಾರ.

ನೀನು ನನಗೆ ಅನ್ಯಾಯ ಮಾಡಿದ್ದೀಯ. ಮೊನ್ನೆ ಲೀಗೊ ಸಂಜೆ, ಮನೆಮನೆಯ ಮುಂದೆ ನಿಂತು ತಮಾಷೆಗೆ ಬೈದು ಹಾಡುವ ಬೇಸಿಗೆ ಹಬ್ಬದ ದಿನ, ಊರಿನ ಹಾಡುಗಾರರನ್ನೆಲ್ಲ ಕಟ್ಟಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಂತೆ. ನಮ್ಮ ಅಪ್ಪನನ್ನು ಬೈದು ಹಾಡಿದೆ, ಅಮ್ಮನನ್ನು ಬೈದು ಹಾಡಿದೆ, ಎಂಬತ್ತು ದಾಟಿದ ಅಜ್ಜಿಯನ್ನೂ ಬಿಡಲಿಲ್ಲ, ನಾಯಿಯನ್ನೂ ಬಿಡಲಿಲ್ಲ. ನನ್ನೊಬ್ಬಳನ್ನು ಬಿಟ್ಟೆ.

ಪತ್ರದಲ್ಲಿ ಈ ಜಾಗಕ್ಕೆ ಬಂದಾಗ, ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಅಪ್ಪ, ಅಮ್ಮ, ಅಜ್ಜಿ, ನಾಯಿ ಕ್ಷೇಮ. ನನ್ನ ವಿಷಯ ಮುಂದೆ ಬರೆಯುತ್ತೇನೆ. ಮೊದಲು ನಿನ್ನನ್ನು "ನೀವು" ಎಂದು ಕರೆದು ಕಟುವಾಗಿ ಬರೆಯಬೇಕೆಂದು ಕುಳಿತಿದ್ದೆ. ಆದರೆ ಚಿಕ್ಕಂದಿನಲ್ಲಿ ನನ್ನ ಜಡೆಗೆ ಅಂಟುಮುಳ್ಳು ಮೆತ್ತಿದವನಿಗೆ ಬಹುವಚನ ಹಾಕಲು ಕೈ ಬರಲಿಲ್ಲ. ಇದನ್ನು ಸಲಿಗೆ ಎಂದು ತಿಳಿಯಬೇಡ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ನೀನು ಆಗಲೇ ಸಾಕಷ್ಟು ಬಿಯರ್ ಕುಡಿದಿದ್ದೆ, ನೆನಪಿಲ್ಲ ಎಂದು ಹೇಳಿಬಿಡಬಹುದು. ಮೊದಲು ಅಪ್ಪನ ಸರದಿ:

ಬೀಟ್ರೂಟು ಎಲ್ಲಿ ಅಂತ ಕಳೆಯನ್ನೇ ಕೇಳ್ಬೇಕು, ಲೀಗೊ, ಲೀಗೊ,
ವೀಟೋಲಿ ಯಜಮಾನ್ರು ಮಧ್ಯಾಹ್ನ ಏಳ್ಬೇಕು, ಲೀಗೊ.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅಜ್ಜಿ ಹಬ್ಬಕ್ಕೆ ಹಾಲಿನಿಂದ ಮಾಡಿದ ಗಿಣ್ಣನ್ನು ಕತ್ತರಿಸಲು ಕೊಡಲಿ ತನ್ನಿ, ಕೊಡಲಿ ಮುರಿದರೆ ಗರಗಸ ತನ್ನಿ ಎಂದು ನೀವೆಲ್ಲ ಹಾಡಿದಿರಿ. ವರ್ಷವಿಡೀ ಮೊಣಕಾಲು ನೋವು ಎಂದು ನರಳುವ ನಮ್ಮಜ್ಜಿ ಕೋಲು ಬಿಸಾಡಿ ಎದ್ದು ನಿಂತು ತಿರುಗಿ ಹಾಡಿದಳು:

ಗಿಣ್ಣು ಗಟ್ಟಿ ಅಲ್ಲ ಮಗ, ನಿನ್ನ ಹಲ್ಲೇ ಪೊಳ್ಳು, ಲೀಗೊ, ಲೀಗೊ,
ಕ್ರೌಕ್ಲಿ ಮನೆ ಗಂಡಸರ ಪೌರುಷವೂ ಸುಳ್ಳು, ಲೀಗೊ.

ನಾಯಿಗೆ ಬಿದ್ದದ್ದು ಇದು. ಇಡೀ ಸಂಜೆಯಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು ನ್ಯಾಯವಾಗಿ ಒಪ್ಪುತ್ತೇನೆ:

ಬೊಗಳೋಕೆ ಬೇಜಾರು ವೀಟೋಲಿ ನಾಯಿಗೆ, ಲೀಗೊ, ಲೀಗೊ,
ಕಳ್ಳ ಬಂದ್ರೆ ಮುತ್ತಿಡತ್ತೆ ಕೈಗೆ ಬಾಯಿಗೆ, ಲೀಗೊ.

ಆಗ ನಾನು ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಶೀತವಾಗಿತ್ತು, ಬೇರೇನೂ ಅಲ್ಲ. ನೀನು ನನ್ನ ಕಡೆ ತಿರುಗಿದೆ. ಬಾಯಿ ತೆರೆದೆ. ಹಿಂದಿದ್ದವರೆಲ್ಲ ರಾಗ ಎಳೆಯಲು ಉಸಿರು ತುಂಬಿಕೊಂಡರು. ನೀನು ಬಾಯಿ ಮುಚ್ಚಿ, ತಲೆಯ ಮೇಲಿದ್ದ ಓಕ್ ಎಲೆಯ ಕಿರೀಟ ತೆಗೆದು, "ಶುಭ ಸಂಜೆ, ಜೆಲ್ಮಾ" ಎಂದೆ.

ಲೀಗೊ ಸಂಜೆಯ ದಿನ ಯಾರಾದರೂ ಯಾರಿಗಾದರೂ ಹೀಗೆ ಮರ್ಯಾದೆ ಕೊಡುತ್ತಾರೆಯೇ? ಆ ಸಂಜೆ ನಮ್ಮೂರಿನಲ್ಲಿ ಬೈಸಿಕೊಳ್ಳದವರು ಯಾರು ಎಂದು ಲೆಕ್ಕ ಹಾಕಿ ನೋಡಿದೆ. ಸತ್ತವರು, ಊರು ಬಿಟ್ಟವರು, ಕಂದಾಯದ ಸಾಹೇಬರು, ಮತ್ತು ನಾನು. ಅಲ್ಲಿಂದ ನೀವು ನೇರ ಗಿರಣಿಗೆ ಹೋದಿರಿ. ಅಲ್ಲಿ ಗಿರಣಿಯವರ ಮಗಳು ಓಟೀಲಿಯಾಳ ಮೇಲೆ ನೀನೊಬ್ಬನೇ ಮೂರು ಹಾಡು ಕಟ್ಟಿದೆ. ಹುಡುಗ ಹುಡುಗಿಯ ಮೇಲೆ ಒಂದು ಹಾಡಿದರೆ ತಮಾಷೆ, ಎರಡಾದರೆ ಜನ ತಿರುಗಿ ನೋಡುತ್ತಾರೆ, ಮೂರಾದರೆ ಹುಡುಗಿಯ ತಾಯಿ ಮದುವೆಯ ಹಾಸಿಗೆ ಹೊದಿಕೆ ಹೊಲಿಯಲು ಶುರು ಮಾಡುತ್ತಾಳೆ ಎಂದು ನಿನಗೆ ನಾನು ಹೇಳಿಕೊಡಬೇಕೇ? "ಗಿರಣಿ ಮನೆ ಓಟೀಲಿಯಾ ಹಿಟ್ಟಲ್ಲೇ ಮಿಂದಾಳೆ, ಕನ್ನಡೀಲಿ ನೋಡ್ಕೊಂಡು ದೆವ್ವ ಅಂದಾಳೆ." ನಾನು ಅಲ್ಲಿ ಇರಲಿಲ್ಲ. ಆದರೂ ನನಗೆ ಬಾಯಿಪಾಠವಾಗಿದೆ, ಯಾಕೆಂದರೆ ನಿನ್ನೆಯಿಂದ ಊರಿನವರೆಲ್ಲ ಅದನ್ನೇ ಗುನುಗುತ್ತಿದ್ದಾರೆ. ನಮ್ಮ ಅಮ್ಮ ಕೂಡ, ಹಿಟ್ಟು ಜರಡಿ ಹಿಡಿಯುವಾಗ. ನಾನು ಅಡುಗೆಮನೆಗೆ ಹೋದೊಡನೆ ನಿಲ್ಲಿಸುತ್ತಾಳೆ.

ಇನ್ನು ನನ್ನ ಕ್ಷೇಮದ ವಿಷಯ. ನಿನ್ನೆ, ಲೀಗೊ ಮರುದಿನದ ಯಾನಿ ಹಬ್ಬದ ಬೆಳಿಗ್ಗೆ, ಹಾಲು ಹಾಕಲು ಹೋದಾಗ ಪಕ್ಕದ ಮನೆಯ ಮಡೆ ಅತ್ತೆ ನನ್ನ ಕೈ ಹಿಡಿದುಕೊಂಡು, ಸಾವಿನ ಮನೆಯಲ್ಲಿ ಸವರುವ ಹಾಗೆ ಸವರಿ, "ಬೇಜಾರು ಮಾಡ್ಕೋಬೇಡ ಕಣಮ್ಮ, ನನ್ನನ್ನೂ ಒಬ್ಬ ಹೀಗೇ ಹಾಡ್ದೆ ಬಿಟ್ಟಿದ್ದ. ಆಮೇಲೆ ನಿಮ್ಮ ಮಾವ ಸಿಕ್ಕಿದ್ರು. ಅವ್ರೂ ಅಷ್ಟಕ್ಕಷ್ಟೇ, ಏನ್ಮಾಡೋದು" ಅಂದಳು. ಮಾವ ಅಲ್ಲೇ ಕೂತು ಬೂಟಿಗೆ ಎಣ್ಣೆ ಸವರುತ್ತಿದ್ದರು. ಮಧ್ಯಾಹ್ನ ಅಮ್ಮ ಕೇಳದೆಯೇ ನನ್ನ ತಟ್ಟೆಗೆ ಶಾಜೀರಿಗೆ ಗಿಣ್ಣಿನ ದೊಡ್ಡ ತುಂಡು ಹಾಕಿದಳು. ರೋಗಿಗೆ ಬಡಿಸುವ ಹಾಗೆ ಬಡಿಸಿದಳು. ಸಂಜೆ ಅಪ್ಪ ಬಂದು ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಾ, "ರೀಗಾದಲ್ಲಿ ನಿಮ್ಮ ಚಿಕ್ಕಮ್ಮನ ಗುಂಡಿ ಅಂಗಡೀಲಿ ಒಬ್ರು ಬೇಕಂತೆ. ಸೋಮವಾರದ ರೈಲಿಗೆ ಹೋಗ್ತೀಯೇನಮ್ಮ? ಇಲ್ಲಿ ನಿನಗೆ ಏನಿದೆ ಅಂತ" ಎಂದ. ಅಮ್ಮ ಮಾತ್ರ, "ಭಾನುವಾರದ ಪೀಟರ್ ಹಬ್ಬ ಕಳೀಲಿ, ಆಮೇಲೆ ನೋಡಣ" ಅಂದಳು. ಅಂಗಿ ಗುಂಡಿ ಮಾರುವುದರಲ್ಲಿ ಅವಮಾನವೇನೂ ಇಲ್ಲ. ದುಡಿಮೆಯೆಲ್ಲ ಒಂದೇ ಎಂದು ನಾನೇ ಸಂಘದಲ್ಲಿ ಎರಡು ಸಲ ಭಾಷಣ ಮಾಡಿದ್ದೇನೆ. ಆದರೆ ಅಪ್ಪ ಇದನ್ನು ಕರುಣೆಯಿಂದ ಹೇಳಿದ. ಅದನ್ನು ನನಗೆ ಸಹಿಸಲಾಗುತ್ತಿಲ್ಲ.

ನೀನು ಈಗ ಏನು ಹೇಳುತ್ತೀಯ ಎಂದು ಗೊತ್ತು. ಬೈಗುಳದ ಹಾಡು ಬೇಡ ಎಂದವಳು ನೀನೇ ತಾನೇ ಎನ್ನುತ್ತೀಯ. ಹೌದು. ಜೂನ್ ಮೊದಲ ಭಾನುವಾರ ಯುವಕ ಸಂಘದ ಹಾಲಿನಲ್ಲಿ "ಬೇಸಿಗೆ ಹಬ್ಬದ ಶುದ್ಧೀಕರಣ" ಎಂಬ ನನ್ನ ಪ್ರಬಂಧ ಓದಿದೆ. ರೀಗಾದಿಂದ ಅಂಚೆಯಲ್ಲಿ ತರಿಸಿದ ಕರಪತ್ರಗಳನ್ನೆಲ್ಲ ಅರೆದು ಕುಡಿದೇ ಅದನ್ನು ಬರೆದದ್ದು. ನಮ್ಮ ಪೂರ್ವಜರು ಶಿಲುಬೆ ಬರುವ ಮುಂಚೆ ಸೂರ್ಯನನ್ನು ನಂಬಿದ್ದರು, ಮಳೆಯನ್ನು, ಓಕ್ ಮರವನ್ನು ನಂಬಿದ್ದರು. ಆದ್ದರಿಂದ ಹಬ್ಬ ಪಾದ್ರಿಯ ಪಂಚಾಂಗದ ದಿನ ಅಲ್ಲ, ಸೂರ್ಯ ನಿಜವಾಗಿ ತಿರುಗುವ ದಿನವೇ ಆಗಬೇಕು, ಬಿಯರ್ ಕೂಡದು, ಬೈಗುಳದ ಹಾಡು ನಮ್ಮ ಪ್ರಾಚೀನ ಧರ್ಮಕ್ಕೆ ಹಿಡಿದ ತುಕ್ಕು ಎಂದು ಓದಿದೆ. ಹಿಂದಿನ ಬೆಂಚಿನಿಂದ ಯಾರೋ, "ಹಾಗಾದ್ರೆ ಲೀಗೊ ದಿನ ಏನ್ಮಾಡೋದು ಜೆಲ್ಮಾ, ಸೂರ್ಯನ ಮುಂದೆ ಕೂತು ಮಗ್ಗಿ ಹೇಳೋದಾ?" ಅಂದರು. ನನ್ನ ಜೊತೆ ಪ್ರತಿಜ್ಞೆ ಮಾಡುವವರು ಕೈ ಎತ್ತಿ ಎಂದು ಕೇಳಿದೆ. ಹಾಲಿನಲ್ಲಿ ಒಂದೇ ಒಂದು ಕೈ ಎದ್ದಿತು. ನಿನ್ನದು.

ಅವತ್ತು ನಾನು ಎಷ್ಟು ಹೆಮ್ಮೆಪಟ್ಟೆ ಎಂದರೆ ಮನೆಗೆ ಬರುವ ದಾರಿಯಲ್ಲಿ ಎರಡು ಸಲ ಹೊಳೆ ದಾಟುವ ಹಲಗೆ ಬಿಟ್ಟು ಮುಂದೆ ನಡೆದುಬಿಟ್ಟೆ.

ಆಮೇಲೆ ಶನಿವಾರದ ಬೆಂಕಿ. ಅದನ್ನು ನಾನು ಕ್ಷಮಿಸಿದ್ದೇನೆ, ಆದರೂ ಬರೆದಿಡುತ್ತೇನೆ. ಈ ವರ್ಷ ಸೂರ್ಯ ತಿರುಗಿದ್ದು ಇಪ್ಪತ್ತೊಂದಕ್ಕೂ ಇಪ್ಪತ್ತೆರಡಕ್ಕೂ ನಡುವೆ. ಹಾಗಾಗಿ ಶನಿವಾರ ಸೂರ್ಯ ಮುಳುಗುವ ಹೊತ್ತಿಗೆ ನಾನು ಗುಡ್ಡದ ಮೇಲೆ ಕಂಬ ನೆಟ್ಟು, ತುದಿಗೆ ಟಾರಿನ ಪೀಪಾಯಿ ಕಟ್ಟಿ, ಬೆಂಕಿ ಹಚ್ಚಿದೆ. ಶುದ್ಧ ಹಬ್ಬಕ್ಕೆ ಬಂದವರು ಅಜ್ಜಿ ಮತ್ತು ನಾಯಿ. ಅಜ್ಜಿ ತಂದಿದ್ದ ಹಾಲಿನ ಡಬ್ಬದಲ್ಲಿ ಹಾಲಿರಲಿಲ್ಲ. "ಸೂರ್ಯ ಎಂಬತ್ತು ವರ್ಷದಿಂದ ನಾನು ಕುಡಿಯೋದು ನೋಡ್ಕೊಂಡೇ ತಿರುಗಿದ್ದಾನೆ, ಇವತ್ತು ಕುಡೀದೆ ಇದ್ರೆ ದಾರಿ ತಪ್ಪಿಸ್ಕೊಂಡಾನು" ಅಂದಳು. ಇನ್ನೆರಡು ದಿನ ಕಳೆದಿದ್ದರೆ ಎಲ್ಲ ಗುಡ್ಡದ ಮೇಲೂ ಬೆಂಕಿ ಉರಿಯುತ್ತಿತ್ತು, ಯಾರೂ ಕತ್ತು ತಿರುಗಿಸುತ್ತಿರಲಿಲ್ಲ. ಆದರೆ ಶನಿವಾರ ಬೆಂಕಿ ಎಂದರೆ ನಮ್ಮೂರಿಗೆ ಅದು ಬೆಂಕಿ ಅನಾಹುತವೇ. ಗಂಟೆ ಬಾರಿಸಿದರು. ಅರ್ಧ ಗಂಟೆಯೊಳಗೆ ಅಗ್ನಿಶಾಮಕ ಪಡೆ ಹೊಸ ಪಂಪನ್ನು ಎರಡು ಕುದುರೆ ಕಟ್ಟಿ ಗುಡ್ಡ ಹತ್ತಿಸಿತು. ಕೊಳವೆಯ ಬಾಯಿ ಹಿಡಿದು ಮುಂದೆ ನಿಂತಿದ್ದವನು ನೀನು.

ನೀನು, "ಯಜಮಾನ್ರೇ, ಇದು ಜೆಲ್ಮಾಳ ಬೆಂಕಿ, ಧರ್ಮದ ಬೆಂಕಿ" ಎಂದು ಹೇಳಿದ್ದು ನನಗೆ ಕೇಳಿಸಿತು. ನಿಮ್ಮ ಮುಖ್ಯಸ್ಥರು, "ಯಾವುದಾದ್ರೂ ಆಗ್ಲಿ ಕಣಯ್ಯ, ಪಂಪ್ ಬಂದು ವರ್ಷ ಆಯ್ತು, ಒಂದು ಬೆಂಕೀನೂ ಸಿಕ್ಕಿಲ್ಲ, ಬಿಡು ನೀರು" ಅಂದದ್ದೂ ಕೇಳಿಸಿತು. ಅಜ್ಜಿ, "ಇರ್ರಪ್ಪ, ಡಬ್ಬ ಎತ್ತಿಟ್ಕೋತೀನಿ" ಅನ್ನುವಷ್ಟರಲ್ಲಿ ನೀರು ಬಂತು. ಪ್ರಾಚೀನ ಧರ್ಮ, ಅಜ್ಜಿ, ನಾಯಿ, ನಾನು ಎಲ್ಲರೂ ಒದ್ದೆ. ನಿನ್ನ ಕೋಟು ಬಿಚ್ಚಿ ಅಜ್ಜಿಗೆ ಹೊದಿಸಿದೆ. ಅದು ಇನ್ನೂ ನಮ್ಮ ಮನೆಯಲ್ಲಿದೆ, ಅಜ್ಜಿ ಕೊಡುವುದಿಲ್ಲ ಎನ್ನುತ್ತಿದ್ದಾಳೆ.

ಈಗ ನಾನು ಹೇಳುವುದನ್ನು ನಗದೆ ಓದು. ಆ ಶನಿವಾರ, ನೀರು ಬೀಳುವ ಮುಂಚೆ, ನಾನು ಸೂರ್ಯನನ್ನು ನೋಡುತ್ತಾ ನಿಂತಿದ್ದೆ. ವರ್ಷದ ತುತ್ತತುದಿ ಅದು. ರೈ ಪೈರು ಎದೆಯೆತ್ತರ ಬಂದಿತ್ತು, ಹುಲ್ಲಿನ ಮೇಲೆ ಆಗಲೇ ಇಬ್ಬನಿ ಕೂತಿತ್ತು, ಬೆಳಕು ಹೋಗಲೊಲ್ಲದೆ ಹೊಳೆಯ ಮೇಲೇ ಅಂಟಿಕೊಂಡಿತ್ತು. ಇಂಥ ಗಳಿಗೆಯಲ್ಲಿ ಏನೋ ಒಂದು ದೊಡ್ಡದು ಅನ್ನಿಸಬೇಕು ಎಂದು ಕರಪತ್ರದಲ್ಲಿ ಬರೆದಿತ್ತು. ನನಗೆ ಅನ್ನಿಸಿದ್ದು, ಎಂಥ ಒಂಟಿತನ ಎಂದು. ಎಲ್ಲವೂ ಶುದ್ಧವಾಗಿತ್ತು, ಯಾರೂ ಇರಲಿಲ್ಲ. ಮತ್ತೆ ಸೋಮವಾರ ಲೀಗೊ ಸಂಜೆ, ಮನೆಯೊಳಗೆಲ್ಲ ಬರ್ಚ್ ಕೊಂಬೆಯ ವಾಸನೆ, ಹೊಳೆಯ ಆ ಕಡೆಯಿಂದ ನಿಮ್ಮ ಗುಂಪು ಹಾಡುತ್ತಾ ಬರುವುದು ಬಹಳ ದೂರದಿಂದಲೇ ಕೇಳಿಸಿತು. ಒಂದೊಂದು ಮನೆಯ ಮುಂದೆ ನಿಂತು, ಇವರ ಕಳೆ, ಅವರ ಗಿಣ್ಣು, ಇನ್ನೊಬ್ಬರ ಸೋರುವ ಮಾಡು. ಒಬ್ಬರ ಮನೆಯ ಕುಂದುಕೊರತೆ ಇಷ್ಟು ಚೆನ್ನಾಗಿ ಗೊತ್ತಿರಬೇಕಾದರೆ ವರ್ಷವಿಡೀ ಅವರನ್ನು ನೋಡುತ್ತಾ ಇರಬೇಕು ಎಂದು ನನಗೆ ಆಗ ಹೊಳೆಯಿತು. ಚಳಿಗಾಲವಿಡೀ ಹಿಮದಲ್ಲಿ ಹೂತುಕೊಂಡು ಒಬ್ಬರ ಮುಖ ಒಬ್ಬರು ಕಾಣದ ಜನ, ಬೇಸಿಗೆಯ ತುದಿಯಲ್ಲಿ ಬಂದು, ನಿನ್ನನ್ನು ನೋಡಿದ್ದೇವೆ ಎಂದು ಕೂಗಿ ಹೇಳುವ ರೀತಿ ಇದು. ಸೂರ್ಯನಿಗೂ ಇದು ಕೇಳಿಸಲಿ ಎಂದೇ ಅಷ್ಟು ಜೋರಾಗಿ ಹಾಡುತ್ತಾರೋ ಏನೋ. ಯಾವ ಕರಪತ್ರದಲ್ಲೂ ಇದನ್ನು ಬರೆದಿಲ್ಲ. ಬೈಗುಳ ತುಕ್ಕು ಎಂದು ಬರೆದ ಮಹಾಶಯರಿಗೆ ಇವತ್ತೇ ಬೇರೆ ಪತ್ರ ಹಾಕಿದ್ದೇನೆ, ತಿದ್ದಿಕೊಳ್ಳದಿದ್ದರೆ ಚಂದಾ ನಿಲ್ಲಿಸುತ್ತೇನೆ ಎಂದು.

ನನ್ನ ತತ್ವ ಬದಲಾಗಿಲ್ಲ. ತತ್ವದಲ್ಲಿದ್ದ ಒಂದು ಅಚ್ಚಿನ ತಪ್ಪು ತಿದ್ದಿದ್ದೇನೆ, ಅಷ್ಟೆ.

ಇವತ್ತು ಬೆಳಿಗ್ಗೆ ನಿನ್ನ ತಂಗಿ ಅಲ್ವೀನೆ ಬುಟ್ಟಿ ವಾಪಸು ಕೊಡಲು ಬಂದಿದ್ದಳು. ಬಾಗಿಲಲ್ಲೇ ನಿಂತು, "ನಮ್ಮಣ್ಣ ನಿನ್ ಮೇಲೆ ಹಾಡು ಕಟ್ಟಿದ್ದ ಕಣೇ. ವಾರದಿಂದ ಕೊಟ್ಟಿಗೇಲಿ ಹಸುಗಳ ಮುಂದೆ ಹಾಡ್ಕೋತಿದ್ದ. ಗೇಟ್ ಹತ್ರ ಬಂದು ನಿನ್ ಮುಖ ನೋಡಿದ್ಮೇಲೆ ಕೈ ಎತ್ತಿದ್ದು ನೆನಪಾಯ್ತಂತೆ. ಮಾತು ಕೊಟ್ಟಿದ್ದು ಅವಳಿಗೆ, ಊರವರಿಗಲ್ಲ, ಅದಕ್ಕೆ ಅವಳೊಬ್ಬಳನ್ನು ಬಿಟ್ಟೆ ಅಂತಾನೆ. ಎಂಥ ಪೆದ್ದ ನೋಡು" ಅಂದಳು. ಓಟೀಲಿಯಾಳ ಮೂರು ಹಾಡಿನ ವಿಷಯ ನಾನು ಕೇಳಲಿಲ್ಲ. ಅವಳೇ ಹೇಳಿದಳು, "ನಿನಗೆ ಅಂತ ಕಟ್ಟಿದ್ದು ಹೊಟ್ಟೇಲಿ ಉಳ್ಕೊಂಡು ಒದ್ದಾಡ್ತಿತ್ತಲ್ಲ, ಗಿರಣೀಲಿ ಬೇರೆ ಹೆಸ್ರು ಹಾಕಿ ಕಕ್ಕಿದ್ನೋ ಏನೋ" ಎಂದು.

ಅಲ್ವೀನೆ ಒಳ್ಳೆಯ ಹುಡುಗಿ. ಒಳ್ಳೆಯವರು ಎದುರಿನವರ ಮುಖ ಬಾಡಿದ್ದರೆ ಸುಳ್ಳು ಹೇಳುತ್ತಾರೆ. ಆದ್ದರಿಂದ ನಾನು ನಂಬಿದ್ದೇನೆ ಎಂದು ತಿಳಿಯಬೇಡ. ನಂಬಿಲ್ಲ ಎಂದೂ ತಿಳಿಯಬೇಡ. ನಿಜವಾಗಿ ಆ ಹಾಡು ಇದ್ದರೆ ಅದು ನನ್ನದು, ಹಸುಗಳದಲ್ಲ. ಅದು ನನಗೆ ಬರಬೇಕು. ಗಿರಣಿಯ ಹೆಸರು ಹಾಕಿದ್ದನ್ನು ಒರೆಸಿಕೊಂಡು ಬರಬೇಕು. ಬೈಸಿಕೊಂಡಾದರೂ ನಾನು ಈ ಊರಿನವಳಾಗಿ ಉಳಿಯಬೇಕು, ಕರುಣೆಯ ಗಿಣ್ಣು ತಿಂದುಕೊಂಡು ಗುಂಡಿ ಅಂಗಡಿಗೆ ಹೋಗುವವಳಾಗಬಾರದು.

ಹಾಡಿಗೆ ಸರಕು ಸಾಲದು ಎಂದು ತಪ್ಪಿಸಿಕೊಳ್ಳಬೇಡ. ಹಾಲು ಕರೆಯುವಾಗ ನಾನು ಕರಪತ್ರವನ್ನು ಗಟ್ಟಿಯಾಗಿ ಓದುತ್ತೇನೆ, ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಕೆಂಪು ಹಸು ಬಕೆಟ್ ಒದೆಯುತ್ತದೆ. ಇದು ಯಾರಿಗೂ ಗೊತ್ತಿಲ್ಲ, ನೀನು ಉಪಯೋಗಿಸಿಕೊಳ್ಳಬಹುದು. ನನ್ನ ದನಿ ಎಣ್ಣೆ ಕಾಣದ ಬಾಗಿಲಿನ ಹಾಗಿದೆ ಎಂದು ಅಜ್ಜಿ ಹೇಳುತ್ತಾಳೆ, ಅದೂ ಆಗುತ್ತದೆ. ಕನ್ನಡಕ ಇದೆ. ಒದ್ದೆಯಾದ ಧರ್ಮ ಇದೆ, ಅದೊಂದರಲ್ಲೇ ನಾಲ್ಕು ಹಾಡು ಹೊರಡುತ್ತವೆ. ಮೂಗಿನ ತಂಟೆಗೆ ಮಾತ್ರ ಹೋಗಬೇಡ. ಹೋದರೂ ಒಂದೇ ಸಾಲು.

ಮತ್ತೆ, ನಿನ್ನ ಪ್ರತಿಜ್ಞೆಯಿಂದ ನಿನ್ನನ್ನು ಬಿಡುಗಡೆ ಮಾಡಿದ್ದೇನೆ. ಎತ್ತಿದ ಕೈ ಇಳಿಸು.

ಲೀಗೊ ಹಾಡಿಗೆ ಪೀಟರ್ ಹಬ್ಬವೇ ಕೊನೆ. ಆಮೇಲೆ ಬಾಯಿ ತೆರೆಯಬೇಕೆಂದರೆ ವರ್ಷವಿಡೀ ಕಾಯಬೇಕು. ನಾನು ಕಾಯುವುದಿಲ್ಲ, ಸೋಮವಾರದ ರೈಲೂ ಕಾಯುವುದಿಲ್ಲ. ಊರೆದುರು ಆದ ಅನ್ಯಾಯ ಊರೆದುರೇ ಸರಿಯಾಗಬೇಕು. ಭಾನುವಾರ ಪೀಟರ್ ಹಬ್ಬದ ಸಂಜೆ ಎಂಟು ಗಂಟೆಗೆ ಎಲ್ಲರೂ ಬಾಡಿದ ಕಿರೀಟಗಳನ್ನು ಸುಡಲು ಗಿರಣಿ ಸೇತುವೆಯ ಬಳಿ ಸೇರುತ್ತಾರೆ. ಅಲ್ಲಿ, ಓಟೀಲಿಯಾ ಮತ್ತು ಅವಳ ತಾಯಿ ಕೇಳುವ ಹಾಗೆ, ನನ್ನ ಮೇಲೆ ಹಾಡಬೇಕು. ಒಂದು ಸಾಲದು. ಎಷ್ಟು ಎಂದು ನಾನು ಹೇಳುವುದಿಲ್ಲ, ನಿನಗೆ ಎಣಿಸಲು ಬರುತ್ತದೆ. ಏಕಾಂತದಲ್ಲಿ ಬಂದು ಕ್ಷಮೆ ಕೇಳುವುದು, ಅಲ್ವೀನೆ ಕೈಲಿ ಮಾತು ಕಳಿಸುವುದು, ಇಂಥ ಅರ್ಧಂಬರ್ಧ ಕೆಲಸಗಳನ್ನು ನಾನು ಒಪ್ಪುವುದಿಲ್ಲ. ನನ್ನ ಉತ್ತರ ಸಿದ್ಧವಿದೆ. ಕ್ರೌಕ್ಲಿ ಮನೆಯ ಮಾನ ಉಳಿಯುವುದಿಲ್ಲ ಎಂದು ಮೊದಲೇ ಎಚ್ಚರಿಸುತ್ತೇನೆ.

ನ್ಯಾಯವನ್ನಲ್ಲದೆ ಬೇರೇನನ್ನೂ ಬೇಡದ,
ಜೆಲ್ಮಾ

ಮರೆತ ಮಾತು: ಪತ್ರವನ್ನು ಅಂಟಿಸಿಯಾಗಿತ್ತು, ಹಬೆ ಹಿಡಿದು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಊರೆದುರು ನಾವಿಬ್ಬರೂ ರಾಗ ತಪ್ಪಿದರೆ ಹಬ್ಬಕ್ಕೆ ಅಪಚಾರ. ಮೊದಲೇ ಒಮ್ಮೆ ಹಾಡಿ ನೋಡುವುದು ಒಳ್ಳೆಯದು, ಇದು ಏಕಾಂತವಲ್ಲ, ಪೂರ್ವಸಿದ್ಧತೆ. ನಮ್ಮ ಸ್ನಾನದ ಗುಡಿಸಲಿನ ಹಿಂದೆ, ಹೊಳೆಯ ಕಡೆ ಮುಖ ಮಾಡಿದ ಬೆಂಚು ನಿನಗೆ ಗೊತ್ತು. ಅಜ್ಜಿಗೆ ಹೇಳಿದ್ದೇನೆ, ನಾಯಿಯನ್ನು ಅವಳು ಹಿಡಿದುಕೊಂಡಿರುತ್ತಾಳೆ. ಗುಂಪನ್ನು ಕರೆತರಬೇಡ. ಭಾನುವಾರ, ಸಂಜೆ ಆರು ಗಂಟೆಗೆ.